ಜಾಕ್ಸನ್ನಿನ ಮನೆಮಗಳು ಯೂಡೋರ ವೆಲ್ಟಿ

ನಮ್ಮ ಊರುಗಳಲ್ಲಿ ಜನ ಬ್ರಹ್ಮಕಮಲವೆಂದು ಕರೆಯುವ ಕಳ್ಳಿಜಾತಿಯ ಗಿಡವೊಂದುಂಟು. ವರ್ಷವೆಲ್ಲ ಎಲೆಯೋ ಕಾಂಡವೋ ತಿಳಿಯದ ಚಪ್ಪಟೆ ಹಸುರನ್ನು ಹೊತ್ತು ಕುಂಡದಿಂದ ಜೋತುಬಿದ್ದಿರುವ ಈ ಗಿಡ, ಮಳೆಗಾಲದ ಯಾವುದೋ ಒಂದು ರಾತ್ರಿ ಅಂಗೈಯಗಲದ ಬಿಳಿಯ ಹೂವನ್ನು ಬಿಡುತ್ತದೆ. ಬೆಳಗಾಗುವಷ್ಟರಲ್ಲಿ ಅದು ಬಾಡಿ ತಲೆ ತಗ್ಗಿಸಿರುತ್ತದೆ. ಮೊಗ್ಗು ಬಿರಿಯುವ ಸೂಚನೆ ಕಂಡ ಸಂಜೆ ಮನೆಯಾಕೆ ಅಕ್ಕಪಕ್ಕದವರಿಗೆಲ್ಲ ಹೇಳಿಕಳುಹಿಸುವುದೂ, ಊಟ ಮುಗಿಸಿಕೊಂಡು ಬಂದ ನೆರೆಹೊರೆಯವರು ಅಂಗಳದಲ್ಲಿ ಕುಳಿತು ಹರಟುತ್ತ ಕಾಯುವುದೂ ನಮ್ಮಲ್ಲಿ ಅನೇಕರು ಕಂಡ ಸಂಗತಿ. ಹೂವಿಗಿಂತ ಆ ಹರಟೆಯೇ ಹೆಚ್ಚು ನೆನಪಿನಲ್ಲಿ ಉಳಿಯುವುದೂ ಉಂಟು.

ಇದೇ ಬಗೆಯ ಹೂವಿಗಾಗಿ ಇದೇ ರೀತಿ ಕಾಯುವ ವಾಡಿಕೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿಯೂ ಬಹುಕಾಲದಿಂದ ಇದೆ. 1930ರ ದಶಕದಲ್ಲಿ ಮಿಸಿಸಿಪಿ ರಾಜ್ಯದ ರಾಜಧಾನಿಯಾದ ಜಾಕ್ಸನ್ ಪಟ್ಟಣದ ಕೆಲವು ತರುಣ ತರುಣಿಯರು ಆ ಹೂವಿನ ಹೆಸರಿನಲ್ಲಿ ಒಂದು ಕೂಟವನ್ನೇ ಕಟ್ಟಿಕೊಂಡಿದ್ದರು. ಯಾರ ಮನೆಯಲ್ಲಿ ಹೂ ಅರಳುವುದೆಂದು ತಿಳಿದರೂ ಅಲ್ಲಿಗೆ ಹೋಗಿ ನೋಡಿ, ನಕ್ಕು, ಮಾತನಾಡಿ ಬರುವುದೇ ಕೂಟದ ಕಾರ್ಯಕ್ರಮ. ಅವರಲ್ಲಿದ್ದ ಎತ್ತರದ ನಿಲುವಿನ, ಹಾಸ್ಯಪ್ರಿಯಳಾದ ತರುಣಿಯೊಬ್ಬಳು ಮುಂದೆ ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಸಣ್ಣಕಥೆಯ ಶ್ರೇಷ್ಠರ ಸಾಲಿಗೆ ಸೇರಿದಳು. ಆಕೆಯೇ ಯೂಡೋರ ವೆಲ್ಟಿ. ಮದುವೆಯಾಗಲಿಲ್ಲ, ತನ್ನದೆಂಬ ಸಂಸಾರ ಹೂಡಲಿಲ್ಲ. ಬಾಳಿನ ಎಪ್ಪತ್ತೈದಕ್ಕೂ ಹೆಚ್ಚು ವರ್ಷಗಳನ್ನು ತಂದೆ ಕಟ್ಟಿಸಿದ ಒಂದೇ ಮನೆಯ ಸೂರಿನಡಿಯಲ್ಲಿ ಕಳೆದಳು. ಆದರೂ ಸಂಸಾರವೆಂಬುದು ಎಷ್ಟರಮಟ್ಟಿಗೆ ಆಸರೆ, ಎಷ್ಟರಮಟ್ಟಿಗೆ ಕಟ್ಟು ಎಂಬುದನ್ನು ಆಕೆಯಷ್ಟು ಸೂಕ್ಷ್ಮವಾಗಿ ಅಳೆದು ನೋಡಿದವರು ವಿರಳ.

ಯೂಡೋರ ಹುಟ್ಟಿದ್ದು 1909ರ ಏಪ್ರಿಲ್ 13ರಂದು, ಜಾಕ್ಸನ್ನಿನಲ್ಲಿಯೇ. ಆದರೆ ಆಕೆಯ ತಂದೆತಾಯಿಗಳಿಬ್ಬರೂ ಆ ಸೀಮೆಯವರಲ್ಲ. ತಂದೆ ಕ್ರಿಶ್ಚಿಯನ್ ವೆಲ್ಟಿ ಉತ್ತರದ ಒಹೈಯೋ ರಾಜ್ಯದ ರೈತ ಮನೆತನದವನು. ತಾಯಿ ಚೆಸ್ಟೀನ ಆಂಡ್ರೂಸ್ ಪಶ್ಚಿಮ ವರ್ಜೀನಿಯದ ಬೆಟ್ಟಗಾಡಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಮದುವೆಯಾದ ಮೇಲೆ ಹೊಸ ಬದುಕನ್ನರಸಿ ದಂಪತಿಗಳು ದಕ್ಷಿಣಕ್ಕೆ ಬಂದರು. ಅಮೆರಿಕದ ದಕ್ಷಿಣದಲ್ಲಿ ಯಾರನ್ನಾದರೂ ಹೊಸದಾಗಿ ಕಂಡರೆ ಮೊದಲು ವಿಚಾರಿಸುವುದು ಅವರ ಉದ್ಯೋಗವನ್ನಲ್ಲ, ಮನೆತನವನ್ನು. ಯಾರ ಮೊಮ್ಮಗ, ತಾಯಿಯ ಕಡೆಯವರು ಯಾವ ಊರಿನವರು, ಯಾರ ಮನೆಗೆ ಹೆಣ್ಣು ಕೊಟ್ಟಿದ್ದಾರೆ ಎಂಬ ಎಳೆ ಹಿಡಿದು ಎಲ್ಲಿಯಾದರೂ ಒಂದು ನಂಟು ಸಿಕ್ಕಿದ ಮೇಲೆಯೇ ಮುಂದಿನ ಮಾತು. ನಮಗೇನೂ ಇದು ಹೊಸದಲ್ಲ. ಇಂತಹ ಊರಿನಲ್ಲಿ ನೆಂಟರಿಷ್ಟರಿಲ್ಲದೆ ಬೆಳೆದ ಹುಡುಗಿ ಒಂದು ಕಡೆಯಿಂದ ಒಳಗಿನವಳು, ಇನ್ನೊಂದು ಕಡೆಯಿಂದ ಹೊರಗಿನವಳು. ನೆರೆಮನೆಯವರ ವಂಶಾವಳಿಯ ಕಥೆಗಳನ್ನು ಆಕೆ ಅಷ್ಟು ಆಸೆಯಿಂದ ಕೇಳಿದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ. ಹೆಸರಿನಲ್ಲಿ ಮಾತ್ರ ಆಕೆಗೆ ಹಳೆಯ ಬೇರಿತ್ತು: ಯೂಡೋರ ಎಂಬುದು ಬೆಟ್ಟದ ಮೇಲಿನ ಅಜ್ಜಿಯ ಹೆಸರು.

ಮನೆಯಲ್ಲಿ ಬೆಳಗಿನ ಹೊತ್ತು ತಂದೆ ಮಹಡಿಯ ಮೇಲೆ ಕ್ಷೌರ ಮಾಡಿಕೊಳ್ಳುತ್ತ ಶಿಳ್ಳೆಯಲ್ಲಿ ಒಂದು ರಾಗದ ಅರ್ಧವನ್ನು ನುಡಿಸಿದರೆ, ಕೆಳಗೆ ಅಡುಗೆಯ ಕೆಲಸದಲ್ಲಿದ್ದ ತಾಯಿ ಉಳಿದರ್ಧವನ್ನು ಗುನುಗಿ ಉತ್ತರ ಕೊಡುವಳು. ಮೆಟ್ಟಿಲ ಮೇಲೂ ಕೆಳಗೂ ಓಡಾಡುವ ಆ ರಾಗವನ್ನು ಕೇಳುತ್ತ ಮಗು ಬಟ್ಟೆ ತೊಡುವುದು. ರಾತ್ರಿ ಗಂಡಹೆಂಡಿರು ಒಬ್ಬರಿಗೊಬ್ಬರು ಪುಸ್ತಕ ಓದಿ ಹೇಳುವರು. ತಂದೆಗೆ ಗಡಿಯಾರ, ದೂರದರ್ಶಕ, ಕ್ಯಾಮೆರಾ ಮೊದಲಾದ ಯಂತ್ರಗಳಲ್ಲಿ ಒಲವು. ವಿಮಾ ಕಂಪೆನಿಯ ನೌಕರನಿಗೆ ತಕ್ಕಂತೆ ನಾಳೆಯ ಆಪತ್ತಿಗೆ ಇಂದೇ ಸಿದ್ಧನಾಗುವ ಸ್ವಭಾವ. ತಾಯಿಯ ರೀತಿ ಬೇರೆ. ಕೆಡುಕನ್ನೇ ಮೊದಲು ಶಂಕಿಸುವವಳಾದರೂ ಎದೆಗಾರಿಕೆ ಅವಳದು. ಚಿಕ್ಕವಳಿದ್ದಾಗ ಕೂದಲು ಕತ್ತರಿಸಿಕೊಳ್ಳಲು ಒಪ್ಪಿದ್ದಕ್ಕೆ ಅವಳಿಗೆ ಡಿಕನ್ಸನ ಕೃತಿಗಳ ಒಂದು ಪೂರ್ಣ ಮಾಲೆ ಬಹುಮಾನವಾಗಿ ಬಂದಿತ್ತು. ಮುಂದೊಮ್ಮೆ ಮನೆಗೆ ಬೆಂಕಿ ಬಿದ್ದಾಗ, ಕಾಲಿಗೆ ಪೆಟ್ಟಾಗಿ ಊರುಗೋಲಿನ ಮೇಲೆ ನಡೆಯುತ್ತಿದ್ದ ಚೆಸ್ಟೀನ ತಡೆಯುವವರ ಕೈ ಬಿಡಿಸಿಕೊಂಡು ಉರಿಯುವ ಮನೆಯೊಳಕ್ಕೆ ಹಿಂದಿರುಗಿ, ಆ ಸಂಪುಟಗಳನ್ನೆಲ್ಲ ಕಿಟಕಿಯಿಂದ ಹೊರಕ್ಕೆಸೆದು ಉಳಿಸಿದಳು.

ಇದಕ್ಕಿಂತ ಗಂಭೀರವಾದ ಇನ್ನೊಂದು ಕಥೆಯೂ ಆ ಮನೆಯಲ್ಲಿತ್ತು. ಚೆಸ್ಟೀನಳಿಗೆ ಹದಿನೈದು ವರ್ಷವಾಗಿದ್ದಾಗ ಅವಳ ತಂದೆ ಚಳಿಗಾಲದ ನಡುವೆ ತೀವ್ರ ಹೊಟ್ಟೆನೋವಿನಿಂದ ಹಾಸಿಗೆ ಹಿಡಿದ. ಬೆಟ್ಟದ ಹಾದಿಗಳು ಹಿಮದಲ್ಲಿ ಮುಚ್ಚಿದ್ದವು. ಹುಡುಗಿ ನೆರೆಯವನೊಬ್ಬನ ಸಹಾಯದಿಂದ ತಂದೆಯನ್ನು ತೆಪ್ಪದ ಮೇಲೆ ಮಲಗಿಸಿ, ಮಂಜುಗಡ್ಡೆ ತೇಲುತ್ತಿದ್ದ ನದಿಯಲ್ಲಿ ರೈಲುದಾರಿಯವರೆಗೆ ಸಾಗಿಸಿ, ಅಲ್ಲಿಂದ ಬಾಲ್ಟಿಮೋರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಶಸ್ತ್ರಚಿಕಿತ್ಸೆ ಫಲಿಸಲಿಲ್ಲ. ಪರಿಚಯದವರೊಬ್ಬರೂ ಇಲ್ಲದ ಆ ನಗರದಿಂದ ತಂದೆಯ ಶವಪೆಟ್ಟಿಗೆಯೊಡನೆ ಒಬ್ಬಳೇ ರೈಲಿನಲ್ಲಿ ಹಿಂದಿರುಗಿದಳು. ಮನೆಯಲ್ಲಿ ತಾಯಿಯೂ ಐವರು ತಮ್ಮಂದಿರೂ ಕಾಯುತ್ತಿದ್ದರು. ಇಂತಹ ತಾಯಿಯ ಮಗಳು ಕರ್ತವ್ಯವೆಂಬ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿರಲಿಲ್ಲ.

ಸಣ್ಣ ಹುಡುಗಿಯಾಗಿದ್ದಾಗ ಯೂಡೋರ ಒಂದು ದಿನ ತಾಯಿಯ ಮೇಜಿನ ಖಾನೆಯಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಕಂಡಳು. ಅದರಲ್ಲಿ ಮೆರುಗು ಕೊಟ್ಟ ಎರಡು ನಿಕಲ್ ನಾಣ್ಯಗಳು. ಇವನ್ನು ಖರ್ಚು ಮಾಡಬಹುದೇ ಎಂದು ಓಡಿಬಂದು ಕೇಳಿದಾಗ ತಾಯಿ ಕೂಡದೆಂದು ಕೂಗಿಕೊಂಡಳು. ಯೂಡೋರಳಿಗಿಂತ ಮೊದಲು ಒಂದು ಗಂಡುಮಗು ಹುಟ್ಟಿ ತೀರಿಹೋಗಿತ್ತೆಂದೂ, ಆ ನಾಣ್ಯಗಳು ಅದರ ಮುಚ್ಚಿದ ಕಣ್ಣೆವೆಗಳ ಮೇಲಿಟ್ಟವೆಂದೂ ಆಗ ತಿಳಿಯಿತು. ಮಕ್ಕಳು ಹೇಗೆ ಹುಟ್ಟುತ್ತವೆಂದು ಮಗಳು ಎಷ್ಟೋ ದಿನಗಳಿಂದ ಕೇಳುತ್ತಿದ್ದ ಪ್ರಶ್ನೆಗೆ ತಾಯಿಯಿಂದ ಉತ್ತರ ಬಂದಿರಲಿಲ್ಲ. ಅದರ ಬದಲಾಗಿ ಮಕ್ಕಳು ಸಾಯುತ್ತವೆಂಬ ಗುಟ್ಟು ಹೊರಬಿದ್ದಿತು. ಒಂದು ಗುಟ್ಟನ್ನು ಕೇಳಿದರೆ ಮನೆಯವರು ಇನ್ನೊಂದನ್ನು ಕೊಡುತ್ತಾರೆ ಎಂಬ ಈ ಅನುಭವ ಆಕೆಯ ಕಥೆಗಳ ರಚನೆಯಲ್ಲಿಯೇ ಇಳಿದಿದೆ. ಅವುಗಳಲ್ಲಿ ಯಾರೂ ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಊಟದ ಮೇಜು, ಹೂಬಳ್ಳಿ, ಹಳೆಯ ಜಗಳ ಎಂದು ಸುತ್ತಿ ಸುತ್ತಿ, ಸಾವೋ ಪ್ರೇಮವೋ ಯಾರೂ ಎಣಿಸದ ಒಂದು ವಾಕ್ಯದಲ್ಲಿ ತಟಕ್ಕನೆ ಬಂದು ನಿಲ್ಲುತ್ತದೆ.

ಆಕೆಯ ಕಿವಿ ಅಷ್ಟು ಚುರುಕಾಗಿತ್ತು. ಭಾನುವಾರ ಕಾರಿನಲ್ಲಿ ಸುತ್ತಾಡಲು ಹೋಗುವಾಗ ನೆರೆಯ ಹೆಂಗಸನ್ನೂ ಕರೆದುಕೊಂಡರೆ, ತಾಯಿಗೂ ಆಕೆಗೂ ನಡುವೆ ಕುಳಿತುಕೊಂಡು ಇನ್ನು ಮಾತು ಶುರುವಾಗಲಿ ಎಂದು ಹೇಳುವಳು. ಬಟ್ಟೆ ಹೊಲಿಯಲು ಮನೆಗೆ ಬರುತ್ತಿದ್ದ ಕಪ್ಪು ಹೆಂಗಸೊಬ್ಬಳು ಊರಿನ ಸುದ್ದಿಯನ್ನೆಲ್ಲ ಬಾಯಲ್ಲಿ ಸೂಜಿಗಳನ್ನು ಕಚ್ಚಿಕೊಂಡೇ ಹೇಳುತ್ತಿದ್ದಳು. ಮಗುವಿನ ಕಿವಿಗೆ ಬೀಳಬಾರದೆಂದು ತಾಯಿ ಎಷ್ಟು ತಡೆದರೂ ಪ್ರಯೋಜನವಾಗುತ್ತಿರಲಿಲ್ಲ. ಇನ್ನು ಓದಿನ ವಿಷಯ. ಜಾಕ್ಸನ್ನಿನ ಪುಸ್ತಕಭಂಡಾರದ ಅಧಿಕಾರಿಣಿ ಬಹಳ ಕಟ್ಟುನಿಟ್ಟಿನವಳು. ಒಮ್ಮೆಗೆ ಎರಡೇ ಪುಸ್ತಕ, ಅವನ್ನೂ ಅದೇ ದಿನ ಹಿಂದಿರುಗಿಸುವಂತಿಲ್ಲ. ಚೆಸ್ಟೀನ ಮಗಳನ್ನು ಅಲ್ಲಿಗೆ ಕರೆದೊಯ್ದು, ಇವಳು ಯಾವ ಪುಸ್ತಕವನ್ನಾದರೂ ಓದಬಹುದೆಂದು ಅಪ್ಪಣೆ ಕೊಟ್ಟು, ಒಂದೇ ಒಂದನ್ನು ಮಾತ್ರ ನಿಷೇಧಿಸಿದಳು. ಅದು ‘ಎಲ್ಸಿ ಡಿನ್ಸ್‌ಮೋರ್’ ಎಂಬ ಅತಿ ಧರ್ಮಭೀರು ಬಾಲಕಿಯ ಕಥೆ. ಅದರ ನಾಯಿಕೆ ತಂದೆಯ ಬಲಾತ್ಕಾರದಿಂದ ಪಿಯಾನೋ ನುಡಿಸುತ್ತ ಮೂರ್ಛೆಹೋಗಿ ಬೀಳುತ್ತಾಳೆ. ಮಗಳು ಅದನ್ನು ಓದಿ ತಾನೂ ಬಿದ್ದಾಳೆಂದು ತಾಯಿಯ ಭಯ! ಇಂದಿನ ತಾಯಂದಿರು ಮಕ್ಕಳಿಗೆ ಯಾವುದನ್ನು ತಡೆಯಬೇಕೆಂದು ತಲೆ ಕೆಡಿಸಿಕೊಳ್ಳುವುದನ್ನು ಕಂಡಾಗ ಚೆಸ್ಟೀನಳ ಈ ವಿವೇಚನೆ ನೆನಪಾಗಿ ನಗು ಬರುತ್ತದೆ.

ಕಾಲೇಜಿನ ದಿನಗಳ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಮಿಸಿಸಿಪಿಯ ಮಹಿಳಾ ಕಾಲೇಜಿನಲ್ಲಿ ಎರಡು ವರ್ಷ ಓದಿ, 1929ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪದವಿ ಪಡೆದು, ತಂದೆಯ ಸಲಹೆಯಂತೆ ಜೀವನೋಪಾಯಕ್ಕೆ ಒಂದು ವಿದ್ಯೆಯಿರಲೆಂದು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಜಾಹೀರಾತು ಕಲಿತಳು. ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ ಬಂತು. 1931ರಲ್ಲಿ ತಂದೆಗೆ ರಕ್ತದ ಕ್ಯಾನ್ಸರೆಂದು ಗೊತ್ತಾಯಿತು. ಹಿಂದೊಮ್ಮೆ, ಮೊದಲ ಮಗು ಹೋದ ಸಮಯದಲ್ಲಿ ಚೆಸ್ಟೀನಳೂ ಬದುಕುವುದಿಲ್ಲವೆಂದು ವೈದ್ಯರು ಕೈಬಿಟ್ಟಾಗ, ಗಂಡ ತನ್ನ ಹಟದಿಂದ ಅವಳನ್ನು ಉಳಿಸಿಕೊಂಡಿದ್ದ. ಆ ಋಣವನ್ನು ತೀರಿಸುವ ಸರದಿ ಈಗ ಹೆಂಡತಿಯದಾಯಿತು. ಆಸ್ಪತ್ರೆಯಲ್ಲಿ ಪಕ್ಕಪಕ್ಕದ ಮಂಚಗಳಲ್ಲಿ ಇಬ್ಬರನ್ನೂ ಮಲಗಿಸಿ ಅವಳ ರಕ್ತವನ್ನು ಅವನಿಗೆ ಕೊಟ್ಟರು. ಮಗಳು ನೋಡುತ್ತ ನಿಂತಿದ್ದಳು. ರಕ್ತ ಹರಿಯುತ್ತಿದ್ದಂತೆಯೇ ತಂದೆಯ ಪ್ರಾಣ ಹೋಯಿತು. ಆತನಿಗಿನ್ನೂ ಐವತ್ತೆರಡು ವರ್ಷ. ಅವನು ತನ್ನನ್ನು ಉಳಿಸಿದ, ತಾನು ಅವನನ್ನು ಉಳಿಸಲಾರದೆ ಹೋದೆ ಎಂಬ ಅಳಲನ್ನು ಚೆಸ್ಟೀನ ಕೊನೆಯವರೆಗೂ ಹೊತ್ತಳು. ಪ್ರೀತಿಯೊಳಗೆ ಲೆಕ್ಕವಿಲ್ಲವೆಂದು ನಾವು ಹೇಳುತ್ತೇವೆ. ಸಂಸಾರಗಳಲ್ಲಿ ಅತ್ಯಂತ ಕಠಿನವಾದ ಲೆಕ್ಕಗಳು ನಡೆಯುವುದು ಪ್ರೀತಿಯುಳ್ಳವರ ಮನಸ್ಸಿನಲ್ಲಿಯೇ.

ಯೂಡೋರ ಜಾಕ್ಸನ್ನಿಗೆ ಮರಳಿ ಬಂದಳು. 1925ರಲ್ಲಿ ತಂದೆ ಪೈನ್‌ಹರ್ಸ್ಟ್ ಬೀದಿಯಲ್ಲಿ ಕಟ್ಟಿಸಿದ್ದ ಮನೆ, ತಾಯಿ ನೆಟ್ಟು ಬೆಳೆಸುತ್ತಿದ್ದ ತೋಟ, ಓದುತ್ತಿದ್ದ ಇಬ್ಬರು ತಮ್ಮಂದಿರು. ಸ್ಥಳೀಯ ಆಕಾಶವಾಣಿ ಕೇಂದ್ರದಲ್ಲಿ ಕೆಲಸ, ಪತ್ರಿಕೆಗೆ ಊರಿನ ಸಮಾರಂಭಗಳ ವರದಿ, ಬಳಿಕ ಸರ್ಕಾರದ ಪರಿಹಾರಕಾರ್ಯದ ಇಲಾಖೆಯಲ್ಲಿ ಕಿರಿಯ ಪ್ರಚಾರಾಧಿಕಾರಿಯ ಹುದ್ದೆ. ಈ ಕೊನೆಯ ಕೆಲಸ ಆಕೆಯನ್ನು 82 ಜಿಲ್ಲೆಗಳ ಮಿಸಿಸಿಪಿಯುದ್ದಕ್ಕೂ ತಿರುಗಿಸಿತು. ಹೋದಲ್ಲೆಲ್ಲ ತನ್ನ ಸಂತೋಷಕ್ಕಾಗಿ ಛಾಯಾಚಿತ್ರಗಳನ್ನು ತೆಗೆದಳು. ದೇಶದ ಅತಿ ಬಡ ರಾಜ್ಯಗಳಲ್ಲೊಂದಾದ ಅಲ್ಲಿ ಹತ್ತಿ ಬಿಡಿಸುವ ಹೆಂಗಸರು, ಜಗಲಿಯ ಮೇಲೆ ಕುಳಿತ ಮುದುಕಿಯರು, ಹಬ್ಬದ ಉಡುಪಿನ ಮಕ್ಕಳು, ಸಂತೆಗೆ ಬಂದ ರೈತರು ಆಕೆಯ ಕಣ್ಣಿಗೆ ಬಿದ್ದರು. ಅವರಲ್ಲಿ ಬಹುಮಂದಿ ಕಪ್ಪು ಜನ. 1936ರಲ್ಲಿ ಈ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನಲ್ಲಿ ನಡೆಯಿತು. ಅದೇ ವರ್ಷ ಮೊದಲ ಕಥೆಯೂ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು. ‘ಡೆತ್ ಆಫ್ ಎ ಟ್ರಾವಲಿಂಗ್ ಸೇಲ್ಸ್‌ಮನ್’ ಎಂಬ ಆ ಕಥೆಯಲ್ಲಿ ಊರೂರು ಅಲೆಯುವ ಪಾದರಕ್ಷೆಯ ವ್ಯಾಪಾರಿಯೊಬ್ಬ ದಾರಿತಪ್ಪಿ ಬಡ ದಂಪತಿಗಳ ಗುಡಿಸಲಿಗೆ ಬರುತ್ತಾನೆ. ಅಲ್ಲಿರುವುದು ಒಂದು ಸಾಧಾರಣ ದಾಂಪತ್ಯ, ಹುಟ್ಟಲಿರುವ ಒಂದು ಮಗು, ಅಷ್ಟೆ. ತನ್ನ ಬಾಳಿನಲ್ಲಿ ಯಾವುದು ಇರಲಿಲ್ಲವೆಂಬುದು ಅವನಿಗೆ ಅಲ್ಲಿ ತಿಳಿಯುತ್ತದೆ. ತಿಳಿದು ಹೊರಬಿದ್ದವನು ಹೃದಯ ಒಡೆದು ಸಾಯುತ್ತಾನೆ. ಇಪ್ಪತ್ತೇಳು ವರ್ಷದ ಹೆಣ್ಣುಮಗಳು ಇದನ್ನು ಬರೆದಳೆಂದರೆ ನಂಬುವುದು ಕಷ್ಟ.

1940ರಲ್ಲಿ, ನಮ್ಮ ಹಿರಿಯರು ಎ.ಇ. ಎಂಬ ಹೆಸರಿನಿಂದ ಬಲ್ಲ ಐರಿಷ್ ಕವಿ ಜಾರ್ಜ್ ರಸೆಲ್ಲನ ಮಗ ಡರ್ಮಡ್ ರಸೆಲ್ ಆಕೆಯ ಪ್ರತಿನಿಧಿಯಾಗಿ ನಿಂತ. ಪತ್ರಗಳಲ್ಲಿ ಅವರು ಕಥೆಗಳಷ್ಟೇ ಹೂಗಿಡಗಳ ವಿಷಯವನ್ನೂ ಚರ್ಚಿಸಿದರು. ಮರುವರ್ಷ ಬಂದ ಮೊದಲ ಸಂಕಲನ ‘ಎ ಕರ್ಟನ್ ಆಫ್ ಗ್ರೀನ್’ಗೆ ಕಥೆಗಾರ್ತಿ ಕ್ಯಾಥರೀನ್ ಆನ್ ಪೋರ್ಟರ್ ಮುನ್ನುಡಿ ಬರೆದಳು. ಅದರಲ್ಲಿರುವ ‘ಎ ವೋರ್ನ್ ಪಾತ್’ ಇಂದು ಅಮೆರಿಕದ ವಿದ್ಯಾರ್ಥಿಗಳೆಲ್ಲ ಓದುವ ಕಥೆ. ಫೀನಿಕ್ಸ್ ಜಾಕ್ಸನ್ ಎಂಬ ವೃದ್ಧ ಕಪ್ಪು ಅಜ್ಜಿ ಚಳಿಗಾಲದ ಬೆಳಗ್ಗೆ ಕಾಡು, ಮುಳ್ಳು, ಹಳ್ಳಗಳನ್ನು ದಾಟಿ ನ್ಯಾಚೆಜ್ ಪಟ್ಟಣಕ್ಕೆ ನಡೆಯುತ್ತಾಳೆ, ಮೊಮ್ಮಗನ ಗಂಟಲಿಗೆ ಔಷಧಿ ತರಲು. ದೂರದ ಬಯಲಿನಲ್ಲಿ ಒಬ್ಬಂಟಿಯಾಗಿ ನಡೆದುಹೋಗುತ್ತಿದ್ದ ಮುದುಕಿಯೊಬ್ಬಳನ್ನು ಒಮ್ಮೆ ಕಂಡದ್ದೇ ಈ ಕಥೆಗೆ ಮೂಲ. ಮೊಮ್ಮಗ ನಿಜವಾಗಿ ಬದುಕಿದ್ದಾನೆಯೇ ಎಂದು ವಿದ್ಯಾರ್ಥಿಗಳೂ ಅಧ್ಯಾಪಕರೂ ವರ್ಷಗಟ್ಟಲೆ ಪತ್ರ ಬರೆದು ಆಕೆಯನ್ನು ಪೀಡಿಸಿದರು. ಅಜ್ಜಿ ನಡೆಯುತ್ತಿರುವುದೇ ಕಥೆಯೆಂದು ಕೊನೆಗೆ 1974ರಲ್ಲಿ ಆಕೆ ಒಂದು ಪ್ರಬಂಧವನ್ನೇ ಬರೆಯಬೇಕಾಯಿತು. ತರಗತಿಯಲ್ಲಿ ಕಥೆಯ ಜೀವವನ್ನು ಬಿಟ್ಟು ಪ್ರಶ್ನೋತ್ತರದ ಹಿಂದೆ ಬೀಳುವ ನಮ್ಮ ವೃತ್ತಿಯವರು ಅದನ್ನು ಓದಿ ಸ್ವಲ್ಪ ನಾಚಿಕೊಳ್ಳಬಹುದು; ನಾನಂತೂ ನಾಚಿಕೊಂಡಿದ್ದೇನೆ.

ಇದೇ ಸಂಕಲನದಲ್ಲಿ, ತಂಗಿ ಮರಳಿ ತೌರಿಗೆ ಬಂದು ಮನೆಯವರನ್ನೆಲ್ಲ ತನ್ನ ಕಡೆಗೆ ತಿರುಗಿಸಿಕೊಂಡಳೆಂದು ಸಿಟ್ಟಾಗಿ ಸಾಮಾನು ಸಮೇತ ಅಂಚೆಕಚೇರಿಗೆ ಹೋಗಿ ನೆಲೆಸುವ ಅಕ್ಕನ ನಗೆಗಥೆಯೊಂದಿದೆ. ಇದರ ನೆನಪಿಗಾಗಿಯೇ ಮುಂದೆ ಗಣಕಯಂತ್ರದ ಮೂಲಕ ಪತ್ರ ಕಳುಹಿಸುವ ಒಂದು ಪ್ರಸಿದ್ಧ ತಂತ್ರಾಂಶಕ್ಕೆ ಯೂಡೋರ ಎಂದು ಹೆಸರಿಟ್ಟರು. ಬೆರಳಚ್ಚು ಯಂತ್ರವನ್ನು ಬಿಟ್ಟು ಕದಲದ ಲೇಖಕಿಗೆ ದೊರೆತ ವಿಚಿತ್ರ ಸ್ಮಾರಕ! ಆಕೆಯ ಬರವಣಿಗೆಯ ಕ್ರಮವಾದರೋ ಹೊಲಿಗೆಯನ್ನು ಹೋಲುತ್ತಿತ್ತು. ಬೆರಳಚ್ಚು ಮಾಡಿದ ಹಾಳೆಗಳನ್ನು ಕತ್ತರಿಯಿಂದ ತುಂಡುಮಾಡಿ, ಹಿಂದುಮುಂದಾಗಿ ಜೋಡಿಸಿ, ಗುಂಡುಸೂಜಿಗಳಿಂದ ಸಿಕ್ಕಿಸುತ್ತಿದ್ದಳು. ಸೂಜಿ ಕಚ್ಚಿಕೊಂಡು ಸುದ್ದಿ ಹೇಳುತ್ತಿದ್ದ ಆ ಹೊಲಿಗೆಯವಳು ಇಲ್ಲಿ ನೆನಪಾಗದಿರಳು.

1946ರಲ್ಲಿ ಬಂದ ‘ಡೆಲ್ಟ ವೆಡ್ಡಿಂಗ್’ ಕಾದಂಬರಿಗೆ ಮದುವೆಮನೆಯೇ ವಸ್ತು. ಯುದ್ಧವಾಗಲಿ ಮಹಾಪ್ರವಾಹವಾಗಲಿ ಇಲ್ಲದ, ಗಂಡಸರೆಲ್ಲ ಮನೆಯಲ್ಲಿರಬಹುದಾದ ಒಂದು ವರ್ಷವನ್ನು ಹುಡುಕಿ ಆಕೆ 1923ನ್ನು ಆರಿಸಿಕೊಂಡಳು. ತಾಯಿಯಿಲ್ಲದ ಒಂಬತ್ತು ವರ್ಷದ ಲಾರ ರೈಲಿನಲ್ಲಿ ಸೋದರಮಾವನ ಹತ್ತಿಯ ಸೀಮೆಯ ದೊಡ್ಡ ಮನೆಗೆ ಬರುತ್ತಾಳೆ. ಅಲ್ಲಿ ಮಗಳು ಡಾಬ್ನಿಯ ಮದುವೆ. ವರ ಮನೆತನಕ್ಕೆ ಸಮನಲ್ಲ, ತೋಟದ ಮೇಲ್ವಿಚಾರಕ. ಅತ್ತೆಯರು, ಅಜ್ಜಿಯರು, ಹತ್ತಾರು ಮಕ್ಕಳು, ಕೇಕುಗಳು, ಹಳೆಯ ದೀಪಗಳು, ಕಳೆದುಹೋದ ಒಡವೆ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಮದುವೆಯ ಹಿಂದಿನ ವಾರವನ್ನು ಕಂಡವರಿಗೆ ಇದರಲ್ಲಿ ಅಪರಿಚಿತವಾದುದು ಕಡಮೆ. ಎಲ್ಲರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಯಾರೂ ಯಾರನ್ನೂ ಒಂಟಿಯಾಗಿರಲು ಬಿಡುವುದಿಲ್ಲ, ಹೊರಗಿನಿಂದ ಬಂದವರನ್ನು ಆ ಪ್ರೀತಿಯ ಗೋಡೆಯೇ ಹೊರಗಿಡುತ್ತದೆ. ಲಾರಳಿಗೆ ಒಳಗೆ ಸೇರಬೇಕೆಂಬ ಹಂಬಲ; ಒಳಗಿರುವ ಕೆಲವರಿಗೆ ಹೊರಗೆ ಹೋಗಬೇಕೆಂಬ ಹಂಬಲ. ವಿಮರ್ಶಕಿ ಡಯಾನ ಟ್ರಿಲಿಂಗ್ ಈ ಪುಸ್ತಕ ತೋಟದೊಡೆಯರ ಬಾಳನ್ನು ಮಿತಿಮೀರಿ ಮುದ್ದಿಸುತ್ತದೆಂದು ಆಕ್ಷೇಪಿಸಿದಳು. ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆ ಮದುವೆಯ ಅಡುಗೆ, ದೀಪ, ಹಾಸಿಗೆ ಎಲ್ಲವನ್ನೂ ಸಿದ್ಧಪಡಿಸುವ ಕಪ್ಪು ಕೈಗಳು ಕಥೆಯ ಅಂಚಿನಲ್ಲಿಯೇ ಉಳಿದುಬಿಡುತ್ತವೆ. ಆದರೆ ‘ಎ ವೋರ್ನ್ ಪಾತ್’ ಬರೆದವಳಿಗೆ ಆ ಕೈಗಳು ಕಾಣಲಿಲ್ಲವೆಂದು ಹೇಳುವುದು ಹೇಗೆ? ಕಂಡರೂ ಆ ಮನೆಯವರು ಕಾಣುವಷ್ಟನ್ನೇ ಬರೆದಳೆಂದು ನಾನು ತಿಳಿಯುತ್ತೇನೆ. ವಾಚಕರು ಒಪ್ಪದಿರಬಹುದು.

ಕಾಣದೆ ಬಿಟ್ಟಳೆಂಬ ಮಾತಿಗೆ ಹದಿನೇಳು ವರ್ಷಗಳ ಮೇಲೆ ಜಾಕ್ಸನ್ನಿನ ಬೀದಿಯೇ ಆಕೆಯನ್ನು ಎದುರಾಯಿತು. 1963ರ ಜೂನ್ 12ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ತನ್ನ ಮನೆಯ ಬಾಗಿಲ ಮುಂದೆ, ಹೆಂಡತಿ ಮಕ್ಕಳು ಒಳಗಿದ್ದಂತೆ, ಗುಂಡಿಗೆ ಬಲಿಯಾದ. ಸುದ್ದಿ ತಿಳಿದ ಯೂಡೋರ ಒಂದೇ ಉಸಿರಿನಲ್ಲಿ ಒಂದು ಕಥೆ ಬರೆದಳು. ಕೊಂದವನ ಬಾಯಿಂದಲೇ ಕಥೆ ಹೊರಡುತ್ತದೆ. ಕೊಲೆಗಾರ ಯಾರೆಂದು ಆಗ ಯಾರಿಗೂ ತಿಳಿಯದು. ಆದರೆ ಅವನು ಎಂತಹ ಮನೆಯವನು, ಹೆಂಡತಿಯೊಡನೆ ಹೇಗೆ ಮಾತನಾಡುವನು, ಯಾರ ಮೇಲಿನ ಅಸೂಯೆಯಲ್ಲಿ ಬೇಯುವನು ಎಂಬುದು ತನಗೆ ಗೊತ್ತೆಂದು ಆಕೆಗೆ ಅನ್ನಿಸಿತು. ಅದು ತನ್ನದೇ ಊರಿನ ಧ್ವನಿ. ‘ನ್ಯೂಯಾರ್ಕರ್’ ಪತ್ರಿಕೆ ಜುಲೈ 6ರ ಸಂಚಿಕೆಯಲ್ಲಿ ಕಥೆಯನ್ನು ಪ್ರಕಟಿಸುವ ಮುನ್ನವೇ ಒಬ್ಬ ಬಂಧಿತನಾದ. ಅವನ ವಿವರಗಳಿಗೂ ಕಥೆಯ ವಿವರಗಳಿಗೂ ಹೋಲಿಕೆಯಿದ್ದುದರಿಂದ ಅವಸರವಸರವಾಗಿ ಕೆಲವನ್ನು ಬದಲಿಸಬೇಕಾಯಿತು. ನ್ಯಾಯಸ್ಥಾನ ಅವನನ್ನು ಅಪರಾಧಿಯೆಂದು ಹೇಳಲು 1994ನೆಯ ವರ್ಷ ಬರಬೇಕಾಯಿತು. ಮಾತಿನ ಸೊಗಸಿಗಾಗಿ ಜೀವಮಾನವೆಲ್ಲ ಜಗಲಿಗಳಲ್ಲಿ ಕಿವಿಗೊಟ್ಟವಳಿಗೆ ಅದೇ ಜಗಲಿಯ ನುಡಿಯಲ್ಲಿ ಈ ವಿಷವೂ ಕೇಳಿಸಿತ್ತು. ಅದನ್ನು ಬರೆಯದೆ ಉಳಿದಿದ್ದರೆ ಆಕೆಯ ಉಳಿದ ಪುಸ್ತಕಗಳನ್ನು ನಾವು ಈಗಿನಷ್ಟು ನೆಮ್ಮದಿಯಿಂದ ಓದಲಾಗುತ್ತಿರಲಿಲ್ಲ.

ಆ ಹೊತ್ತಿಗೆ ಆಕೆಯ ಮನೆಯೊಳಗೆ ಬೇರೊಂದು ಕಾಲ ನಡೆದಿತ್ತು. 1955ರಿಂದ 1970ರವರೆಗಿನ ಹದಿನೈದು ವರ್ಷಗಳಲ್ಲಿ ಮಕ್ಕಳಿಗಾಗಿ ಬರೆದ ಒಂದು ಪುಟ್ಟ ಪುಸ್ತಕವನ್ನು ಬಿಟ್ಟರೆ ಯೂಡೋರಳ ಹೊಸ ಕಥಾಗ್ರಂಥ ಯಾವುದೂ ಬರಲಿಲ್ಲ. ತಾಯಿಯ ಕಣ್ಣು ಕೆಟ್ಟಿತು, ಬಳಿಕ ಪಾರ್ಶ್ವವಾಯು. ಕಿರಿಯ ತಮ್ಮ ವಾಲ್ಟರ್ 1959ರ ಜನವರಿಯಲ್ಲಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಬಿಟ್ಟು ತೀರಿಕೊಂಡ. ಶುಶ್ರೂಷೆಯ ವೆಚ್ಚಕ್ಕಾಗಿ ಆಕೆ ಊರೂರಿನ ಕಾಲೇಜುಗಳಲ್ಲಿ ಉಪನ್ಯಾಸ ಕೊಟ್ಟಳು, ಜಾಕ್ಸನ್ನಿನ ಮಿಲ್ಸಾಪ್ಸ್ ಕಾಲೇಜಿನಲ್ಲಿ ಪಾಠ ಹೇಳಿದಳು. ತಾಯಿಯನ್ನು ಯಾಜೂ ಸಿಟಿಯ ಶುಶ್ರೂಷಾಲಯದಲ್ಲಿ ಇಡಬೇಕಾಗಿ ಬಂದಾಗ, ಕಾರು ನಡೆಸಿಕೊಂಡು ಹೋಗಿ ಬರುವ ದಾರಿಯಲ್ಲಿಯೇ ಮುಂದಿನ ಕಾದಂಬರಿಯ ಟಿಪ್ಪಣಿಗಳನ್ನು ಗೀಚಿಕೊಳ್ಳುತ್ತಿದ್ದಳು. ದೃಷ್ಟಿ ಹೋದ ತಾಯಿ ಹಾಸಿಗೆಯಲ್ಲಿ ಮಲಗಿ, ಬಾಲ್ಯದ ಪಠ್ಯಪುಸ್ತಕದ ಪದ್ಯಗಳನ್ನು ಒಂದಕ್ಷರ ಬಿಡದೆ ಹೇಳುವಳು. ಕಣ್ಣಿಲ್ಲದವಳಿಗೆ ಆ ಕಂಠಪಾಠವೇ ಪುಸ್ತಕ. ಹಿಂದೆ ಮಗಳು ನ್ಯೂಯಾರ್ಕಿಗೆ ರೈಲು ಹತ್ತಿದಾಗಲೆಲ್ಲ ತಾಯಿ ಮನೆಯಲ್ಲಿ ಆತಂಕಪಡುವಳೆಂಬ ಅರಿವು ಮಗಳ ಸಂತೋಷವನ್ನು ಅರ್ಧ ಕಸಿಯುತ್ತಿತ್ತು. ಹೋದರೆ ತಪ್ಪು, ಹೋಗದಿದ್ದರೆ ನಷ್ಟ. ಈಗ ಹೋಗುವ ಪ್ರಶ್ನೆಯೇ ಉಳಿಯಲಿಲ್ಲ. 1966ರ ಜನವರಿಯಲ್ಲಿ ತಾಯಿ ತೀರಿಕೊಂಡಳು. ಒಂದು ವಾರ ಕಳೆಯುವುದರೊಳಗೆ ಇನ್ನೊಬ್ಬ ತಮ್ಮ ಎಡ್ವರ್ಡನೂ ಹೋದ. ಐವರಿದ್ದ ಸಂಸಾರದಲ್ಲಿ ಉಳಿದವಳು ಒಬ್ಬಳು.

ಆ ಹದಿನೈದು ವರ್ಷಗಳನ್ನು ವ್ಯರ್ಥವೆಂದು ಬರೆದವರುಂಟು, ತ್ಯಾಗವೆಂದು ಹೊಗಳಿದವರೂ ಉಂಟು. ಎರಡೂ ಸುಲಭದ ಮಾತುಗಳು. ಮುಂದೆ ಬಂದ ಎರಡು ಕಾದಂಬರಿಗಳನ್ನು ಓದಿದವನಿಗೆ ಬೇರೊಂದು ತೋರುತ್ತದೆ. 1970ರ ‘ಲೂಸಿಂಗ್ ಬ್ಯಾಟಲ್ಸ್’ನಲ್ಲಿ ಅಜ್ಜಿಯ ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಬಡ ಬೆಟ್ಟಸೀಮೆಯ ಬಂಧುಬಳಗವೆಲ್ಲ ಆಗಸ್ಟಿನ ಭಾನುವಾರ ಒಂದು ಕಡೆ ಸೇರುತ್ತದೆ. ಮರದಡಿಯ ಉದ್ದ ಮೇಜುಗಳು, ತಂದ ಬುತ್ತಿ, ಜೈಲಿನಿಂದ ಮರಳಿದ ಮರಿಮಗ, ಎಡೆಬಿ಼ಡದ ಮಾತು. ಅದೇ ದಿನ ಊರಿನ ಹಳೆಯ ಶಾಲೆಯ ಉಪಾಧ್ಯಾಯಿನಿ ಜೂಲಿಯ ಮಾರ್ಟಿಮರ್ ಸತ್ತ ಸುದ್ದಿ ಬರುತ್ತದೆ. ಈ ಜನಕ್ಕೆ ಅಕ್ಷರ ಕಲಿಸಲು ಜೀವ ತೇದವಳು ಅವಳು. ಬಳಗದವರಾದರೋ ಅವಳ ಹಟವನ್ನು ನೆನೆದು ನಗುತ್ತಾರೆ. ಕುಟುಂಬದ ಬೆಚ್ಚಗಿನ ಮಾತಿಗೂ ಅವಳ ಒಂಟಿ ಪಾಠಕ್ಕೂ ನಡೆಯುವ ಕದನದಲ್ಲಿ ಲೇಖಕಿ ತೀರ್ಪು ಕೊಡುವುದಿಲ್ಲ. ವೃತ್ತಿಯಿಂದ ನಾನು ಜೂಲಿಯಳ ಪಕ್ಷ. ಆದರೂ ಆ ಮೇಜಿನ ಬಳಿ ಕರೆದರೆ ಹೋಗಿ ಕೂರದೆ ಇರಲಾರೆ.

‘ದಿ ಆಪ್ಟಿಮಿಸ್ಟ್ಸ್ ಡಾಟರ್’ 1972ರಲ್ಲಿ ಪುಸ್ತಕವಾಯಿತು. ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. ತೀರ ಚಿಕ್ಕ ಕಾದಂಬರಿ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಲಾರೆಲ್ ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬರುತ್ತಾಳೆ. ತಂದೆ ಚೇತರಿಸಿಕೊಳ್ಳದೆ ಸಾಯುತ್ತಾನೆ. ಮನೆ ಈಗ ತನಗಿಂತ ಕಿರಿಯಳಾದ ಮಲತಾಯಿ ಫೇಯ ಪಾಲು. ಅಂತ್ಯಕ್ರಿಯೆ ಮುಗಿದು ಎಲ್ಲರೂ ಹೋದ ಮೇಲೆ, ದಾರಿತಪ್ಪಿ ಒಳಬಂದ ಹಕ್ಕಿಯೊಂದು ಹಾರಾಡುವ ಮನೆಯಲ್ಲಿ ಲಾರೆಲ್ ಒಂದು ರಾತ್ರಿಯನ್ನು ತಾಯಿಯ ಪತ್ರಗಳ ನಡುವೆ ಕಳೆಯುತ್ತಾಳೆ. ಆ ತಾಯಿ ಪಶ್ಚಿಮ ವರ್ಜೀನಿಯದ ಬೆಟ್ಟದವಳು, ತೆಪ್ಪದ ಮೇಲೆ ತಂದೆಯನ್ನು ಕರೆದೊಯ್ದವಳು, ಕುರುಡಿಯಾಗಿ, ತನ್ನವರು ತನ್ನನ್ನು ಉಳಿಸಲಿಲ್ಲವೆಂದು ದೂರುತ್ತ ಸತ್ತವಳು. ಬೆಳಗ್ಗೆ ಅಡುಗೆಮನೆಯ ಬೀರುವಿನಲ್ಲಿ ರೊಟ್ಟಿ ಕತ್ತರಿಸುವ ಹಲಗೆಯೊಂದು ಸಿಗುತ್ತದೆ. ಲಾರೆಲಳ ಗಂಡ ಅತ್ತೆಗೆಂದು ಕೈಯಾರೆ ಮಾಡಿಕೊಟ್ಟದ್ದು. ಫೇ ಅದರ ಮೇಲೆ ಆಕ್ರೋಟು ಒಡೆದು ಹಾಳುಗೆಡವಿದ್ದಾಳೆ. ಲಾರೆಲ್ ಆ ಹಲಗೆಯನ್ನೆತ್ತಿ ಅವಳನ್ನು ಹೊಡೆಯುವಷ್ಟರ ಮಟ್ಟಿಗೆ ಹೋಗುತ್ತಾಳೆ. ಹೊಡೆಯುವುದಿಲ್ಲ. ತೆಗೆದುಕೊಂಡೂ ಹೋಗುವುದಿಲ್ಲ. ಮೇಜಿನ ಮೇಲೆ ಇಟ್ಟು ಹೊರಡುತ್ತಾಳೆ. ಪತ್ರಗಳನ್ನು ಆಗಲೇ ಸುಟ್ಟಾಗಿದೆ. ಹಿರಿಯರ ಒಂದು ಹಿತ್ತಾಳೆಯ ಚೊಂಬಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮಗೆಲ್ಲ ಗೊತ್ತು. ಆ ದೃಶ್ಯವನ್ನು ಓದುವಾಗ ಕೈ ನಡುಗುವುದು ಅದಕ್ಕಾಗಿ.

1983ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಕೆ ಕೊಟ್ಟ ಮೂರು ಉಪನ್ಯಾಸಗಳು ಮರುವರ್ಷ ‘ಒನ್ ರೈಟರ್ಸ್ ಬಿಗಿನಿಂಗ್ಸ್’ ಎಂಬ ಆತ್ಮಕಥೆಯಾದವು. ಮೆಟ್ಟಿಲ ಮೇಲಿನ ಶಿಳ್ಳೆ, ಡಿಕನ್ಸನ ಸಂಪುಟಗಳು, ಎರಡು ನಾಣ್ಯಗಳು ಎಲ್ಲವೂ ನಮಗೆ ತಿಳಿದಿರುವುದು ಅದರಿಂದಲೇ. ಗೌರವಗಳು ಬಹಳ ಬಂದವು. ಬದುಕಿರುವಾಗಲೇ ‘ಲೈಬ್ರರಿ ಆಫ್ ಅಮೆರಿಕ’ ಮಾಲೆಯಲ್ಲಿ ಸೇರಿದ ಮೊದಲ ಲೇಖಕಿ ಆಕೆ. ಆದರೆ ಕೊಳ್ಳುವ ಸಾಮಾನಿಗೆ ತಾನೇ ಅಂಗಡಿಗೆ ಹೋಗುವುದು ತಪ್ಪಲಿಲ್ಲ, ಬಾಗಿಲು ತಟ್ಟಿದ ಅಪರಿಚಿತ ವಿದ್ಯಾರ್ಥಿಗಳನ್ನು ಒಳಗೆ ಕರೆಯುವುದೂ ತಪ್ಪಲಿಲ್ಲ. ಅತಿಥಿ ಕೂರಬೇಕಾದರೆ ಮೊದಲು ಸೋಫಾದ ಮೇಲಿನ ಪುಸ್ತಕಗಳನ್ನು ಎತ್ತಿಡಬೇಕಾಗುತ್ತಿತ್ತು.

2001ರ ಜುಲೈ 23ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಯೂಡೋರ ವೆಲ್ಟಿ ಜಾಕ್ಸನ್ನಿನಲ್ಲಿಯೇ ತೀರಿಕೊಂಡಳು. ಮನೆಯನ್ನು ಆಕೆ ಮೊದಲೇ ರಾಜ್ಯಕ್ಕೆ ಬರೆದುಕೊಟ್ಟಿದ್ದಳು. 2006ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಪುಸ್ತಕಗಳು ಆಕೆ ಬಿಟ್ಟಂತೆಯೇ ಮೇಜು ಕುರ್ಚಿಗಳ ಮೇಲೆ ರಾಶಿಬಿದ್ದಿವೆ. ಚೆಸ್ಟೀನಳ ತೋಟವನ್ನು ಅದಕ್ಕೂ ಮೊದಲೇ, ಅವಳು ನೆಟ್ಟಿದ್ದ ಕ್ರಮವನ್ನೇ ಅನುಸರಿಸಿ ಮತ್ತೆ ಬೆಳೆಸಿದರು. ಚಳಿಗಾಲದಲ್ಲಿ ಅಲ್ಲಿ ಕಮೀಲಿಯ ಹೂಗಳು ಅರಳುತ್ತವೆ.